ಸೆನ್ಸಾರ್ ಕತ್ತರಿಯಿಂದ ಪಾರಾದ ಬಲಗೈ!

ಈ ವಾರ ನಿಮ್ಮೆದುರು ನಿಂತಿರುವವನು ನಾಯಕನೂ ಅಲ್ಲ, ಖಳನಾಯಕನೂ ಅಲ್ಲ. ಡ್ಯೂಪ್ ಕೂಡ ಅಲ್ಲ! ಟಿಕೆಟ್ ಕಿಟಕಿಯ ಮುಂದೆ ನೂಕುನುಗ್ಗಲಿನಲ್ಲಿ ನಿಂತು, ಸಿಗುತ್ತೋ ಇಲ್ಲವೋ ಎಂದು ಚಡಪಡಿಸುತ್ತಾ ಒಮ್ಮೆ ತಲೆ ಎತ್ತಿ ನೋಡುತ್ತಿದ್ದಿರಲ್ಲ, ಟಾಕೀಸಿನ ಹಣೆಯ ಮೇಲೆ ಮೂವತ್ತು ಅಡಿ ಉದ್ದದ ಬೋರ್ಡು, ಅದರಲ್ಲಿ ಕೆಂಡದ ಕಣ್ಣಿನ ಹೀರೋ, ಮೂಲೆಯಲ್ಲಿ ಅಳುವ ನಾಯಕಿ... ಅದನ್ನು ಬರೆದ ಕೈ ನನ್ನದು. ಕೆಳಗಿನ ಮೂಲೆಯಲ್ಲಿ ಬೆರಳಗಲ ನನ್ನ ಸಹಿಯೂ ಇರುತ್ತಿತ್ತು. ಯಾರೂ ಓದುತ್ತಿರಲಿಲ್ಲ ಬಿಡಿ.

ಆ ಕೈಯ ಕಥೆ ಇದು. ಇದರಲ್ಲಿ ಫೈಟಿಂಗ್ ಇಲ್ಲ, ಡ್ಯುಯೆಟ್ ಇಲ್ಲ. ಮೊದಲ ರೀಲಿನಿಂದ ಕೊನೆಯ ರೀಲಿನವರೆಗೆ ಇರುವುದು ನೋವು. ಆದರೂ ಓದಿ. ನಿಮ್ಮಲ್ಲಿ ಅರ್ಧ ಜನ ಇದನ್ನು ಓದುವ ಹೊತ್ತಿಗೇ ಹೆಬ್ಬೆರಳು ನೀವಿಕೊಳ್ಳುತ್ತಿದ್ದೀರಿ ಎಂದು ನನಗೆ ಗುಮಾನಿ!

ನಮ್ಮೂರು ಇಂಗಳೇಶ್ವರ. ವಿಜಯಪುರ ಜಿಲ್ಲೆ, ಬಸವನ ಬಾಗೇವಾಡಿ ತಾಲ್ಲೂಕು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು ಅಂತ ನಮ್ಮೂರಿಗೆ ಹೆಸರು. ಅವರು ಹುಟ್ಟಿದ್ದು ಬಾಗೇವಾಡಿಯಲ್ಲೋ ನಮ್ಮೂರಿನಲ್ಲೋ ಎಂಬ ವಾದ ಕಟ್ಟೆಯ ಮೇಲೆ ಇವತ್ತಿಗೂ ಮುಗಿದಿಲ್ಲ. ಹೆರಿಗೆ ತವರಿನಲ್ಲೇ ಅಲ್ಲವೇ ಎನ್ನುವುದು ನಮ್ಮವರ ಲಾ ಪಾಯಿಂಟು! ಹೀಗಾಗಿ ನಾನು ಚಿಕ್ಕವನಿದ್ದಾಗ ಟೆಂಟಿನಲ್ಲಿ 1959ರ ‘ಜಗಜ್ಯೋತಿ ಬಸವೇಶ್ವರ’ ಹಳೇ ಪ್ರಿಂಟು ಬಂದಾಗ ಊರಿಗೆ ಊರೇ ಎತ್ತಿನ ಗಾಡಿ ಕಟ್ಟಿತು. ಸಿನಿಮಾ ನೋಡಲಿಕ್ಕಲ್ಲ, ಊರ ಮೊಮ್ಮಗನನ್ನು ನೋಡಲಿಕ್ಕೆ. ಬಸವಣ್ಣನಾಗಿ ಹೊನ್ನಪ್ಪ ಭಾಗವತರು ಬಂದಾಗ ಮುದುಕರೆಲ್ಲ ಕೈಮುಗಿದರು. ಹುಡುಗರಾದ ನಮಗೆ ಮಾತ್ರ ಧರ್ಮಸಂಕಟ. ಬಿಜ್ಜಳ ಯಾರು ಗೊತ್ತೇ? ನಮ್ಮ ಅಣ್ಣಾವ್ರು! ಸೀಟಿ ಹೊಡೆದರೆ ಅಜ್ಜನ ಕೈಲಿ ಏಟು, ಹೊಡೆಯದಿದ್ದರೆ ಹೊಟ್ಟೆಯೊಳಗೆ ಕುದಿ. ನಾನು ಹೊಡೆದೆ. ಏಟೂ ತಿಂದೆ.

ಮರುದಿನ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬಿಜ್ಜಳನ ಕಿರೀಟ ಬರೆದೆ. ನನ್ನ ವೃತ್ತಿ ಅಲ್ಲಿ ಶುರು ಅನ್ನಿ.

ಉಸ್ತಾದರ ಕೋಲು

1985ರಲ್ಲಿ ವಿಜಾಪುರಕ್ಕೆ ಹೋಗಿ ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಊರಿಗೆ ಆಗ ಇನ್ನೂ ಹಳೇ ಹೆಸರೇ. ಮೊದಲ ವರ್ಷ ಬ್ರಶ್ ಮುಟ್ಟಲು ಬಿಡಲಿಲ್ಲ. ಡಬ್ಬಿ ತೊಳೆ, ಟರ್ಪೆಂಟೈನ್ ತಾ, ಬಿಳೀ ಬಣ್ಣ ಬಳಿ, ದಾರಕ್ಕೆ ಪುಡಿ ಸವರಿ ಚೌಕ ಹೊಡಿ. ಕೈಯಗಲದ ಫೋಟೋದ ಮೇಲೆ ಸಣ್ಣ ಚೌಕ, ಬೋರ್ಡಿನ ಮೇಲೆ ದೊಡ್ಡ ಚೌಕ. ಈ ಚೌಕದ ಗೆರೆ ಆ ಚೌಕಕ್ಕೆ. ಹೀಗೆ ಮೂಗು ಒಂದು ಅಡಿ, ಮೀಸೆ ಎರಡು ಅಡಿ!

ಉಸ್ತಾದರ ಎಡಗೈಲಿ ಯಾವಾಗಲೂ ಒಂದು ಕೋಲು. ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಬೆತ್ತ. ಅದನ್ನು ಬೋರ್ಡಿಗೆ ಆನಿಸಿ, ಬಲಗೈಯ ಮಣಿಕಟ್ಟನ್ನು ಅದರ ಮೇಲಿಟ್ಟು ಅಕ್ಷರ ಬರೆಯುತ್ತಿದ್ದರು. “ಬೇಟಾ, ಮಣಿಕಟ್ಟು ಗಾಳಿಯಾಗ ಇಡಬ್ಯಾಡ. ಗೆರೀ ಭುಜದಿಂದ ಬರಬೇಕು, ಬೆರಳಿಂದ ಅಲ್ಲ” ಅಂತ ದಿನಕ್ಕೆ ಹತ್ತು ಸಲ. ನನಗೆ ನಗು. ಮುದುಕರ ಕೋಲು ಅಂದುಕೊಂಡೆ. ಉಸ್ತಾದರು ತೀರಿಕೊಂಡ ಮೇಲೆ ಅವರ ಕೋಲು ಮೂಲೆ ಸೇರಿತು. ನಾನು ಬರಿಗೈಯಲ್ಲಿ ಸರಸರ ಬರೆಯುವ ಹೀರೋ ಆದೆ. ಶುಕ್ರವಾರಕ್ಕೆ ಬೋರ್ಡು ಎಂದರೆ ಶುಕ್ರವಾರಕ್ಕೆ ಬೋರ್ಡು. ಗುರುವಾರ ರಾತ್ರಿ ನಿದ್ದೆ ಎಂಬುದೇ ಇಲ್ಲ.

1995ರಲ್ಲಿ ‘ಓಂ’ ಬಂತು. ನಿಮಗೆ ಹೇಳಬೇಕೇ! ಶಿವಣ್ಣನ ಆ ಗಡ್ಡ, ಆ ನೋಟ. ಬಂದು ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ನಮ್ಮ ಕನ್ನಡದಲ್ಲಿ ಆ ಚಿತ್ರದಷ್ಟು ಸಲ ಮರಳಿ ತೆರೆಕಂಡದ್ದು ಯಾವುದಿದೆ? ಪ್ರೇಕ್ಷಕನಿಗೆ ಅದು ಹಬ್ಬ, ಹಂಚಿಕೆದಾರನಿಗೆ ಸುಗ್ಗಿ. ಪೇಂಟರಿಗೆ? ಪ್ರತಿ ಸಲ ಹೊಸ ಬೋರ್ಡು, ಪ್ರತಿ ಸಲ ಅದೇ ಗಡ್ಡ. ಕೂದಲು ಕೂದಲಾಗಿ ಸಣ್ಣ ಬ್ರಶ್ಶಿನಿಂದ, ಮಣಿಕಟ್ಟು ಮಡಚಿ, ಸಾವಿರ ಸಲ, ಹತ್ತು ಸಾವಿರ ಸಲ. ಶಿವಣ್ಣನ ಗಡ್ಡ ನನ್ನ ಕೈಯನ್ನು ತಿಂದಿತು ಎಂದರೆ ತಮಾಷೆಯೂ ಹೌದು, ನಿಜವೂ ಹೌದು.

ರಾತ್ರಿ ಮೂರರ ಷೋ

ಒಂದು ರಾತ್ರಿ ಮೂರು ಗಂಟೆಗೆ ಎಚ್ಚರಾಯಿತು. ಬಲಗೈ ನನ್ನದೇ ಅಲ್ಲ ಅನ್ನುವ ಹಾಗೆ ಜೋಮು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸುಟ್ಟ ಹಾಗೆ ಉರಿ. ಎದ್ದು ಕೂತು ಥರ್ಮಾಮೀಟರ್ ಝಾಡಿಸಿದ ಹಾಗೆ ಕೈ ಝಾಡಿಸಿದೆ. ಹತ್ತು ನಿಮಿಷಕ್ಕೆ ಇಳಿಯಿತು. ಮರುದಿನ ರಾತ್ರಿ ಮತ್ತೆ. ಆಮೇಲೆ ದಿನಾ. ಸೆಕೆಂಡ್ ಷೋ ಬಿಟ್ಟ ಮೇಲೆ ನನ್ನ ಷೋ ಶುರು!

ಹಗಲು ಬೇರೆ ತೊಂದರೆ. ಮೊಣಕೈಯ ಹೊರಗಿನ ಗಂಟು ಮುಟ್ಟಿದರೆ ಪ್ರಾಣ ಹೋಗುವ ನೋವು. ಬಣ್ಣದ ಡಬ್ಬಿ ಎತ್ತುವಂತಿಲ್ಲ, ಚಹಾದ ಕಪ್ಪು ಹಿಡಿಯುವಂತಿಲ್ಲ. ಒಂದು ದಿನ ಸಾರ್ವೆಯ ಮೇಲೆ ನಿಂತು ನಾಯಕಿಯ ಹುಬ್ಬು ತೀಡುತ್ತಿದ್ದಾಗ ಬ್ರಶ್ ತಾನಾಗಿ ಜಾರಿ ಬಿತ್ತು. ಕೆಳಗೆ ಟಾಕೀಸಿನ ಮ್ಯಾನೇಜರು. ಬಿಳೀ ಷರಟು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಉಪದೇಶಕ್ಕೆ ಬರವೇ? ಒಬ್ಬ ಎಣ್ಣೆ ಎಂದ, ಇನ್ನೊಬ್ಬ ಉಪ್ಪಿನ ಗಂಟಿನ ಶಾಖ ಎಂದ. ನರ ಸರಿಸುವವನ ಹತ್ತಿರ ಕರೆದೊಯ್ದರು, ಅವನು ಜಗ್ಗಿದ ಜಗ್ಗಿಗೆ ಮೂರು ದಿನ ಕೈ ಎತ್ತಲಿಲ್ಲ. ನಾನೋ, 1983ರಲ್ಲಿ ‘ಕಾಮನಬಿಲ್ಲು’ ನೋಡಿ ಅಣ್ಣಾವ್ರ ಯೋಗಕ್ಕೆ ಮರುಳಾಗಿದ್ದವನು. ಆ ವಯಸ್ಸಿನಲ್ಲಿ ಆ ಮೈ ಹೇಗೆ ಬಿಲ್ಲಿನಂತೆ ಬಾಗಿತ್ತು! ಯೋಗ ಮಾಡಿದರೆ ಸರಿಹೋಗುತ್ತದೆ ಎಂದು ಗುರುವಿಲ್ಲದೆ, ಗೊತ್ತಿಲ್ಲದೆ ಮಯೂರಾಸನಕ್ಕೇ ಕೈ ಹಾಕಿದೆ. ಇಡೀ ಮೈಯ ಭಾರ ಮಡಚಿದ ಮಣಿಕಟ್ಟಿನ ಮೇಲೆ! ನವಿಲು ಹಾರಲಿಲ್ಲ, ಮಕಾಡೆ ಬಿತ್ತು. ತಪ್ಪು ಅಣ್ಣಾವ್ರದಲ್ಲ, ನನ್ನ ಅವಸರದ್ದು.

ಕೊನೆಗೆ ಒಬ್ಬ ಡಾಕ್ಟರು ಮೊಣಕೈಗೆ ಇಂಜೆಕ್ಷನ್ ಕೊಟ್ಟರು. ಆಹಾ! ನಾಲ್ಕೇ ದಿನದಲ್ಲಿ ನೋವು ಮಂಗಮಾಯ. ಡಾಕ್ಟರು ದೇವರು ಎಂದುಕೊಂಡು ಎರಡು ಪಟ್ಟು ಕೆಲಸ ಹಿಡಿದೆ. ಎರಡು ತಿಂಗಳಿಗೆ ನೋವು ಬಡ್ಡಿ ಸಮೇತ ವಾಪಸ್ಸು. ಮತ್ತೊಬ್ಬರ ಬಳಿ ಹೋದೆ. ಕೈ ನೋಡಿದ ಐದು ನಿಮಿಷಕ್ಕೆ “ಆಪರೇಷನ್ ಮಾಡೋಣ” ಅಂದರು. ಯಾವ ರೋಗ, ಏನು ಕೊಯ್ಯುತ್ತಾರೆ, ಮಾಡಿಸದಿದ್ದರೆ ಏನಾಗುತ್ತೆ, ಒಂದಕ್ಕೂ ಉತ್ತರವಿಲ್ಲ. ಬಲಗೈ ಎಂದರೆ ನನಗೆ ಹೊಲವಿದ್ದ ಹಾಗೆ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗು, ಊರಲ್ಲಿ ಅವ್ವ. ಚೀಟಿ ಜೇಬಿಗಿಟ್ಟುಕೊಂಡು ಹೊರಬಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ ಅಂತ ಬರೆದರೆ ನಗಬೇಡಿ.

ಒಂದು ನೋವಲ್ಲ, ಎರಡು!

ನನ್ನನ್ನು ಉಳಿಸಿದ್ದು ಒಬ್ಬ ಫಿಜಿಯೋಥೆರಪಿ ಮೇಡಂ. ಆಕೆಯ ಹೆಸರು ಬರೆಯಲು ಅನುಮತಿ ಇಲ್ಲ. 1997ರ ಮಾತು. ನನ್ನ ಕಥೆಯೆಲ್ಲ ಕೇಳಿ ಆಕೆ ಕೇಳಿದ ಮೊದಲ ಪ್ರಶ್ನೆ: “ಕಿರುಬೆರಳು ಜೋಮು ಹಿಡೀತದೇನ್ರೀ?”

ಯೋಚಿಸಿ ನೋಡಿದೆ. ಇಲ್ಲ! ನಾಲ್ಕು ಬೆರಳು ಉರಿದರೂ ಕಿರುಬೆರಳು ಆರಾಮ.

“ಹಂಗಾದ್ರ ಅರ್ಧ ಉತ್ತರ ಸಿಕ್ತು” ಅಂದರು.

ಆಕೆ ಚಿತ್ರ ಬರೆದು ತೋರಿಸಿದ್ದನ್ನು ನಿಮಗೆ ಅಕ್ಷರದಲ್ಲಿ ತೋರಿಸುತ್ತೇನೆ. ಅಂಗೈ ಶುರುವಾಗುವ ಕಡೆ, ಮಣಿಕಟ್ಟಿನಲ್ಲಿ, ಒಂದು ಸಣ್ಣ ಸುರಂಗ ಇದೆ. ಕೆಳಗೂ ಪಕ್ಕಕ್ಕೂ ಮೂಳೆ, ಮೇಲೆ ಗಟ್ಟಿ ಪಟ್ಟಿ. ಅದರೊಳಗೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಹಗ್ಗಗಳು ಅನ್ನಿ. ಅವುಗಳ ಜೊತೆಗೆ ಒಂದು ನರ. ಹೌಸ್‌ಫುಲ್! ಮಣಿಕಟ್ಟು ಮಡಚಿದರೆ ಸುರಂಗ ಇನ್ನೂ ಇಕ್ಕಟ್ಟು. ಹಗ್ಗದ ಸುತ್ತಲ ಪೊರೆ ದಪ್ಪಗಾದರೆ ಅದುಮಿಸಿಕೊಳ್ಳುವುದು ಪಾಪದ ಆ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ, ಇಷ್ಟಕ್ಕೆ ಸ್ಪರ್ಶ ಕೊಡುವುದು ಅದೇ. ಕಿರುಬೆರಳಿನದು ಬೇರೆ ನರ, ಅದು ಈ ಸುರಂಗದಲ್ಲಿ ಹಾಯುವುದಿಲ್ಲ. ಡಾಕ್ಟರರ ಭಾಷೆಯಲ್ಲಿ ಕಾರ್ಪಲ್ ಟನಲ್. ರಾತ್ರಿ ಯಾಕೆ ಜಾಸ್ತಿ? ಮಲಗಿದಾಗ ನಾವು ಕೈಯನ್ನು ಕೂಸಿನ ಹಾಗೆ ಮಡಚಿ ತಲೆಯ ಕೆಳಗೆ ಸೇರಿಸಿಕೊಳ್ಳುತ್ತೇವೆ, ಅದಕ್ಕೆ.

ಎರಡೂ ಕೈಗಳ ಹಿಂಬದಿ ಕೂಡಿಸಿ, ಬೆರಳು ಕೆಳಗೆ ಮಾಡಿ, ಒಂದು ನಿಮಿಷ ಹಿಡಿಯಲು ಹೇಳಿದರು. ಅರ್ಧ ನಿಮಿಷಕ್ಕೇ ಜೋಮು. ಅಮೆರಿಕದ ಫೇಲನ್ ಎಂಬ ಸರ್ಜನ್ ರೂಢಿಗೆ ತಂದ ಪರೀಕ್ಷೆಯಂತೆ ಅದು. ಆಮೇಲೆ ರಕ್ತದಲ್ಲಿ ಸಕ್ಕರೆ ನೋಡಿಸಿದರು, ಥೈರಾಯ್ಡ್ ನೋಡಿಸಿದರು. ಅವೆರಡರಲ್ಲಿ ಹೆಚ್ಚುಕಡಿಮೆ ಇದ್ದರೂ ಹೀಗೇ ಆಗುತ್ತದೆ, ಆಗ ಮೊದಲು ಅದಕ್ಕೆ ಮದ್ದು. ಗರ್ಭಿಣಿಯರಿಗೂ ಬರುತ್ತದೆ, ಹೆರಿಗೆಯಾದ ಮೇಲೆ ಬಹುಮಟ್ಟಿಗೆ ತಾನೇ ಹೋಗುತ್ತದೆ. ನನ್ನ ರಿಪೋರ್ಟು ಎರಡೂ ಸ್ವಚ್ಛ. ತಪ್ಪು ಪೂರಾ ನನ್ನ ಕೆಲಸದ್ದು.

ಮೊಣಕೈಯ ನೋವು ಇದರ ತಮ್ಮನಲ್ಲ, ಬೇರೆಯೇ ಮನೆಯವನು. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಮಾಂಸಖಂಡಗಳು ಮೊಣಕೈಯ ಹೊರಗಂಟಿಗೆ ಹೊಲಿದುಕೊಂಡಿವೆ. ಆ ಹೊಲಿಗೆ ಸವೆದರೆ ಬರುವ ನೋವಿಗೆ ಟೆನ್ನಿಸ್ ಎಲ್ಬೋ ಅಂತ ಹೆಸರು. ಜನ್ಮದಲ್ಲಿ ಟೆನ್ನಿಸ್ ಬ್ಯಾಟು ಮುಟ್ಟದ ಇಂಗಳೇಶ್ವರದವನಿಗೆ ಟೆನ್ನಿಸ್ ಎಲ್ಬೋ! ಮುಂದೆ 2004ರಲ್ಲಿ ಸಚಿನ್ ತೆಂಡೂಲ್ಕರ್‌ಗೂ ಇದೇ ಬಂದು ದೇಶವೆಲ್ಲ ಮರುಗಿದಾಗ ನಾನು ಮಾತ್ರ ಒಳಗೊಳಗೇ ಎದೆಯುಬ್ಬಿಸಿದ್ದೆ. ಅವರು 2005ರಲ್ಲಿ ಲಂಡನ್ನಿನಲ್ಲಿ ಆಪರೇಷನ್ ಮಾಡಿಸಿಕೊಂಡರು. ಆದರೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗೆ ಒಂದು ವರ್ಷದೊಳಗೆ ಕತ್ತಿ ಇಲ್ಲದೆಯೇ ಇದು ಇಳಿಯುತ್ತದೆ.

ಇಂಜೆಕ್ಷನ್ ವಿಷಯವೂ ಆಮೇಲೆ ಗೊತ್ತಾಯಿತು. ಆಸ್ಟ್ರೇಲಿಯಾದಲ್ಲಿ 198 ಜನ ಟೆನ್ನಿಸ್ ಎಲ್ಬೋದವರನ್ನು ಮೂರು ಗುಂಪು ಮಾಡಿ ನೋಡಿದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸ್ಟಿರಾಯ್ಡ್ ಇಂಜೆಕ್ಷನ್, ಒಂದಕ್ಕೆ ವ್ಯಾಯಾಮದ ಚಿಕಿತ್ಸೆ, ಇನ್ನೊಂದಕ್ಕೆ ‘ಸುಮ್ಮನೆ ಕಾಯಿರಿ, ಕೈ ಜೋಪಾನ’ ಎಂಬ ಮಾತು. ಆರು ವಾರಕ್ಕೆ ಇಂಜೆಕ್ಷನ್ನಿನವರೇ ಫಸ್ಟ್ ಕ್ಲಾಸ್. ವರ್ಷ ತುಂಬಿದಾಗ ಅವರೇ ಲಾಸ್ಟ್! ಸುಮ್ಮನೆ ಕಾದವರೂ ಅವರಿಗಿಂತ ಚೆನ್ನಾಗಿದ್ದರು. ಮೊದಲ ವಾರ ಹೌಸ್‌ಫುಲ್ ಆಗಿ ಮೂರನೇ ವಾರ ಡಬ್ಬಾ ಸೇರುವ ಚಿತ್ರಗಳಿರುತ್ತವಲ್ಲ, ಹಾಗೆ. ನನ್ನ ಮೊಣಕೈ ಆ ಪರೀಕ್ಷೆಯನ್ನು ಮೊದಲೇ ಬರೆದು ಪಾಸಾಗಿತ್ತು. ಅಥವಾ ಫೇಲಾಗಿತ್ತು.

ಫುಟ್‌ಪಟ್ಟಿ, ಸೈಕಲ್ ಟ್ಯೂಬು, ಸುತ್ತಿಗೆ

ಈಗ ಮುಖ್ಯ ಸೀನು. ಏನು ಮಾಡಿದೆ?

ರಾತ್ರಿಗೆ ಪಟ್ಟಿ. ಮಣಿಕಟ್ಟು ಮೇಲೂ ಬಾಗದೆ ಕೆಳಗೂ ಬಾಗದೆ ನೆಟ್ಟಗಿರಬೇಕು. ಔಷಧಿ ಅಂಗಡಿಯಲ್ಲಿ ಸ್ಪ್ಲಿಂಟ್ ಎಂದು ಸಿಗುತ್ತದೆ. ನನ್ನ ಜೇಬಿಗೆ ಆಗ ಅದು ದುಬಾರಿ. ಮಗನ ಮರದ ಫುಟ್‌ಪಟ್ಟಿ ಮುರಿದು, ಹಳೇ ಲುಂಗಿ ಸುತ್ತಿ, ಮುಂಗೈಯಿಂದ ಅಂಗೈ ನಡುವಿನವರೆಗೆ ಕಟ್ಟಿಕೊಂಡೆ. ಬಿಗಿಯಾಗಿ ಅಲ್ಲ, ಬೆರಳು ಆಡಬೇಕು. ಮೊದಲ ಮೂರು ರಾತ್ರಿ ನಿದ್ದೆಯಲ್ಲೇ ಕಿತ್ತೆಸೆದೆ. ಹೆಂಡತಿ ಎದ್ದು ಮತ್ತೆ ಕಟ್ಟಿದಳು. ಎರಡನೇ ವಾರ ಒಂದು ರಾತ್ರಿ ಬೆಳಗಿನ ತನಕ ನಿದ್ದೆ ಬಂತು. ಎದ್ದು ನೋಡಿದರೆ ಸೂರ್ಯ! ನಿದ್ದೆ ಎಂಬುದು ಇಷ್ಟು ರುಚಿ ಎಂದು ಆವತ್ತು ತಿಳಿಯಿತು. ಮುಂದೆ ದುಡ್ಡು ಬಂದಾಗ ಅಂಗಡಿಯ ಪಟ್ಟಿಯನ್ನೇ ತಂದೆ, ಅದೇ ಹಿತ.

ಬ್ರಶ್ಶಿನ ಹಿಡಿ. ಸಣ್ಣ ಹಿಡಿಯನ್ನು ಚಿವುಟಿ ಹಿಡಿದಷ್ಟೂ ಬೆರಳಿನ ಹಗ್ಗ ಬಿಗಿಯುತ್ತದೆ. ಸೈಕಲ್ ಅಂಗಡಿಯಿಂದ ಹಳೇ ಟ್ಯೂಬು ತಂದು, ಪಟ್ಟಿ ಕತ್ತರಿಸಿ, ಪ್ರತಿ ಬ್ರಶ್ಶಿಗೂ ಹೆಬ್ಬೆರಳಿನ ದಪ್ಪ ಸುತ್ತಿದೆ. ಓಡಾಡುವ ಹುಡುಗರೆಲ್ಲ ನಕ್ಕರು. ಇವತ್ತಿಗೂ ನನ್ನ ಬ್ರಶ್ಶುಗಳೆಲ್ಲ ಕಪ್ಪು ರಬ್ಬರಿನ ಅಂಗಿ ತೊಟ್ಟಿವೆ.

ಮತ್ತು ಉಸ್ತಾದರ ಕೋಲು! ಮೂಲೆಯಿಂದ ತೆಗೆದು, ಧೂಳು ಕೊಡವಿ, ಹೊಸ ಬಟ್ಟೆಯ ಉಂಡೆ ಕಟ್ಟಿದೆ. ಮಣಿಕಟ್ಟು ಅದರ ಮೇಲೆ, ಗೆರೆ ಭುಜದಿಂದ. ಹದಿನೈದು ದಿನ ನನ್ನ ಅಕ್ಷರ ಕುಡುಕನ ಹಾಗೆ ಓಲಾಡಿತು. ಆಮೇಲೆ ನೆಟ್ಟಗಾಯಿತು. ತಲೆಯ ಮೇಲೆ ಕೈ ಎತ್ತಿ ಬರೆಯುವುದನ್ನೂ ಬಿಟ್ಟೆ. ಬೋರ್ಡಿಗೆ ಹಗ್ಗ ಕಟ್ಟಿ, ಬರೆಯುವ ಜಾಗ ಎದೆಯ ಮಟ್ಟಕ್ಕೆ ಬರುವ ಹಾಗೆ ಏರಿಸಿ ಇಳಿಸಿದೆ. ಅರ್ಧ ಗಂಟೆಗೊಮ್ಮೆ ಬ್ರಶ್ ಕೆಳಗೆ. ಬೀಡಿಗಲ್ಲ, ಕೈಗೆ! ಮೋಟಾರ್ ಸೈಕಲ್ಲಿನ ಹಿಡಿಯನ್ನು ಗಂಟಲು ಹಿಸುಕಿದ ಹಾಗೆ ಹಿಡಿಯುವ ಚಾಳಿಯಿತ್ತು. ಅದನ್ನು ಬಿಡಲು ಕೋಲಿಗಿಂತ ಹೆಚ್ಚು ದಿನ ಹಿಡಿಯಿತು.

ಮೊಣಕೈಗೆ ವ್ಯಾಯಾಮ. ಇದು ಕೇಳಿ ನನಗೆ ಸಿಟ್ಟೇ ಬಂತು. ನೋಯುವ ಕೈಗೆ ಭಾರವೇ? ಮೇಡಂ ಹೇಳಿದ್ದು: “ಪೂರಾ ಸುಮ್ನ ಬಿಟ್ರ ಆ ಹೊಲಿಗಿ ಇನ್ನಷ್ಟು ಸಡ್ಲ ಆಗ್ತದ. ಸ್ವಲ್ಪ ಸ್ವಲ್ಪ ಭಾರ ಕೊಟ್ರ ಗಟ್ಟಿ ಆಗ್ತದ.” ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಅಂಚಿನಿಂದ ಹೊರಗೆ. ಕೈಯಲ್ಲಿ ಸಣ್ಣ ಸುತ್ತಿಗೆ. ಎಡಗೈಯ ಸಹಾಯದಿಂದ ಎತ್ತು, ಬಲಗೈಯಿಂದ ನಿಧಾನ ಇಳಿಸು. ನಿಧಾನ ಎಂದರೆ ಸ್ಲೋ ಮೋಷನ್! ಮೊದಲು ಹತ್ತು ಸಲ, ವಾರ ಕಳೆದಂತೆ ಹದಿನೈದು, ಆಮೇಲೆ ತುಸು ದೊಡ್ಡ ಸುತ್ತಿಗೆ. ಮಾಡುವಾಗ ಸ್ವಲ್ಪ ನೋವು ಬಂದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಯೂ ಹೆಚ್ಚೇ ಇದ್ದರೆ ಭಾರ ಇಳಿಸು. ಇಷ್ಟೇ ಲೆಕ್ಕ.

ನೋವಿನ ಗುಳಿಗೆ? ಮೊದಲ ಒಂದು ವಾರ, ಊಟದ ಮೇಲೆ, ಡಾಕ್ಟರ ಚೀಟಿಯಂತೆ. ಮುಂಚೆ ಅಂಗಡಿಯವನನ್ನು ಕೇಳಿ ತಿಂಗಳುಗಟ್ಟಲೆ ನುಂಗಿ ಹೊಟ್ಟೆಯೊಳಗೆ ಉರಿ ಹಚ್ಚಿಕೊಂಡಿದ್ದೆ. ಅವು ಮೂತ್ರಪಿಂಡಕ್ಕೂ ಒಳ್ಳೆಯದಲ್ಲ.

ರಾತ್ರಿಯ ಜೋಮು ಎರಡು ತಿಂಗಳಿಗೆ ಹೋಯಿತು. ಮೊಣಕೈ ಎಂಟು ತಿಂಗಳು ತೆಗೆದುಕೊಂಡಿತು. ಒಂದೇ ಓಟದಲ್ಲಿ ಅಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಐದನೇ ತಿಂಗಳಲ್ಲಿ ಒಂದು ರಾತ್ರಿ ಪಂಥಕ್ಕೆ ಬಿದ್ದು ಇಡೀ ಬೋರ್ಡು ಮುಗಿಸಿ ಮೂರು ವಾರ ಹಿಂದಕ್ಕೆ ಹೋದೆ. ಈಗಲೂ ಚಳಿಗಾಲದಲ್ಲಿ ಮೊಣಕೈ ನಾನಿದ್ದೇನೆ ಎನ್ನುತ್ತದೆ. ಆಗ ಸುತ್ತಿಗೆ ಮತ್ತೆ ಹೊರಬರುತ್ತದೆ.

ಯೋಗಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅಣ್ಣಾವ್ರ ಅಭಿಮಾನಿಗೆ ಅದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. 1998ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಕಾರ್ಪಲ್ ಟನಲ್ ಇದ್ದ 42 ಜನರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ದಿನದಂತೆ ಎಂಟು ವಾರ ಯೋಗ, ಇನ್ನೊಂದು ಗುಂಪಿಗೆ ಮಣಿಕಟ್ಟಿನ ಪಟ್ಟಿ. ಯೋಗದವರ ನೋವು ಕಡಿಮೆಯಾಗಿ ಹಿಡಿತದ ಬಲ ಹೆಚ್ಚಿತು. ನರದ ವೇಗ ಅಳೆಯುವ ಪರೀಕ್ಷೆಯಲ್ಲಿ ಮಾತ್ರ ಹೇಳುವಂಥ ಬದಲಾವಣೆ ಕಾಣಲಿಲ್ಲ. ಆ ಯೋಗ ಯಾರ ಪದ್ಧತಿ? ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ನಮ್ಮ ಬಿ.ಕೆ.ಎಸ್. ಅಯ್ಯಂಗಾರ್ ಅವರದು! ಭುಜ, ಬೆನ್ನು, ತೋಳು ಬಿಡಿಸುವ ಸೌಮ್ಯ ಆಸನಗಳು. ನನ್ನ ಮಯೂರದ ಹಾಗೆ ಮಣಿಕಟ್ಟಿನ ಮೇಲೆ ಸರ್ಕಸ್ ಅಲ್ಲ. ಸಣ್ಣ ಪರೀಕ್ಷೆ, ಅದನ್ನೇ ವೇದವಾಕ್ಯ ಅನ್ನಬಾರದು. ಆದರೂ ಓದಿದ ದಿನ ಅಣ್ಣಾವ್ರ ಫೋಟೋಗೆ ಒಂದು ಸಲಾಮು ಹೊಡೆದೆ.

ಅವ್ವನ ಕೈ

ಇಲ್ಲಿಗೆ ‘ಶುಭಂ’ ಹಾಕಿಬಿಡಬಹುದಿತ್ತು. ಹಾಕಿದರೆ ನಾನು ಮೋಸಗಾರ.

ಕೈ ವಾಸಿಯಾದ ಮೇಲೆ ನಾನು ಊರಿಗೆಲ್ಲ ಡಾಕ್ಟರಾದೆ. ಯಾರಿಗೆ ಕೈ ನೋವು ಅಂದರೂ ಫುಟ್‌ಪಟ್ಟಿ, ಲುಂಗಿ. “ಆಪರೇಷನ್ ಗೀಪರೇಷನ್ ಬ್ಯಾಡ, ಅವ್ರು ರೊಕ್ಕಕ್ಕ ಕೊಯ್ತಾರ” ಎಂದು ಕಟ್ಟೆಯ ಮೇಲೆ ಭಾಷಣ. 2002ರಲ್ಲಿ ಅವ್ವ ಹೇಳಿದಳು, “ಯಪ್ಪಾ, ರಾತ್ರಿ ಕೈ ಜುಮ್ಮ ಅಂತದ, ನಿದ್ದಿ ಹತ್ತವಲ್ದು.” ಹತ್ತು ವರ್ಷದವಳಿಂದ ಜೋಳದ ರೊಟ್ಟಿ ಬಡಿದ ಕೈ. ನಮ್ಮ ಕಡೆ ರೊಟ್ಟಿ ಲಟ್ಟಿಸುವುದಲ್ಲ, ಬಡಿಯುವುದು. ಹೊತ್ತಿಗೆ ಇಪ್ಪತ್ತು ರೊಟ್ಟಿ, ಜಾತ್ರೆಗೆ ಇನ್ನೂರು. ನಾನು ನನ್ನ ಹಳೇ ಪಟ್ಟಿಯನ್ನೇ ಅವಳ ಕೈಗೆ ಕಟ್ಟಿ, ಕೆಲಸ ಮುಗಿಯಿತು ಎಂದುಕೊಂಡು ವಿಜಾಪುರದ ಬಸ್ಸು ಹತ್ತಿದೆ.

ಸಕ್ಕರೆ ನೋಡಿಸಲಿಲ್ಲ. ಮೇಡಂ ಹತ್ತಿರ ಕರೆದೊಯ್ಯಲಿಲ್ಲ. ಅವಳು ಮತ್ತೆ ಹೇಳಲಿಲ್ಲ. ಮಗ ಹೇಳಿದ್ದಾನೆ, ಆಪರೇಷನ್ ಬ್ಯಾಡ ಅಂತ.

ಎರಡು ವರ್ಷದ ಮೇಲೆ ಊರಿಗೆ ಹೋದಾಗ ಅವ್ವ ಊಟಕ್ಕೆ ಬಡಿಸುತ್ತಿದ್ದಳು. ಉಪ್ಪು ಹಾಕಲು ಚಿಟಿಕೆ ಹಿಡಿದಳು, ಉಪ್ಪು ಉದುರಿತು. ಮತ್ತೆ ಹಿಡಿದಳು, ಮತ್ತೆ ಉದುರಿತು. ಕೈ ತಿರುಗಿಸಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರಬೇಕಾದ ಮಾಂಸ ಇರಲಿಲ್ಲ. ಕಣಿವೆ! ತುತ್ತು ಗಂಟಲಲ್ಲೇ ನಿಂತಿತು. ಕುಪ್ಪಸದ ಗುಂಡಿಯನ್ನು ವರ್ಷದಿಂದ ಪಕ್ಕದ ಮನೆಯ ಹುಡುಗಿ ಹಾಕಿಕೊಡುತ್ತಿದ್ದಳಂತೆ.

ಮೇಡಂ ನನ್ನ ಮುಖ ನೋಡಿ ಬೈದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ. “ಪಟ್ಟಿ ಕಟ್ಟಿದ್ದು ತಪ್ಪಲ್ಲ. ಕಟ್ಟಿ ತಿರುಗಿ ನೋಡ್ಲಿಲ್ಲಲ್ಲ, ಅದು ತಪ್ಪು. ನಿಮಗ ಜೋಮು ಬಂದು ಹೋಗ್ತಿತ್ತು. ಇವರಿಗೆ ಇಪ್ಪತ್ನಾಕು ತಾಸೂ ಅದ. ಎರಡೂ ಒಂದೇ ಅಂದ್ರಿ?” ಅವ್ವನಿಗೆ ಸಕ್ಕರೆ ಕಾಯಿಲೆಯೂ ಇತ್ತು. ಯಾರಿಗೂ ಗೊತ್ತಿರಲಿಲ್ಲ.

2004ರಲ್ಲಿ ಆಪರೇಷನ್ ಆಯಿತು. ನಾನು ಹೆದರಿ ಸತ್ತದ್ದು ದಂಡ. ಕೈಗೆ ಮಾತ್ರ ಮರಗಟ್ಟಿಸುವ ಸೂಜಿ, ಅಂಗೈ ಬುಡದಲ್ಲಿ ಸಣ್ಣ ಗೀರು, ಸುರಂಗದ ಮೇಲಿನ ಪಟ್ಟಿ ಬಿಡಿಸಿ ಹೊಲಿಗೆ. ಅದೇ ದಿನ ಸಂಜೆ ಬಸ್ಸಿನಲ್ಲಿ ವಾಪಸ್ಸು. ಆವತ್ತೇ ರಾತ್ರಿ ಅವ್ವ ಬೆಳಗಿನ ತನಕ ನಿದ್ದೆ ಮಾಡಿದಳು. ಆದರೆ ಹೆಬ್ಬೆರಳಿನ ಮಾಂಸ ತಿರುಗಿ ಬರಲಿಲ್ಲ. ನರ ತೀರ ಒಣಗಿದ ಮೇಲೆ ದಾರಿ ಬಿಡಿಸಿದರೂ ಅದು ಪೂರಾ ಚಿಗುರುವುದಿಲ್ಲ. ರೊಟ್ಟಿ ಬಡಿಯುವುದು ನಿಂತಿತು. ಲಟ್ಟಣಿಗೆ ಬಂತು. ಲಟ್ಟಿಸಿದ ಮೊದಲ ರೊಟ್ಟಿ ನನ್ನ ತಟ್ಟೆಗೆ ಹಾಕಿ ಅಂದಳು, “ನನ್ನ ಒಳ್ಳೇದಕ್ಕ ಹೇಳಿದ್ದಿ ತಗೋ. ಉಣ್ಣು.” ಬೈದಿದ್ದರೆ ಸುಲಭವಿತ್ತು.

ಅದಕ್ಕೇ ಮಿತ್ರರೇ, ನಾನು ಈಗ ‘ಆಪರೇಷನ್ ಬೇಡ’ ಅನ್ನುವುದಿಲ್ಲ. ‘ಮೊದಲು ಯಾವ ನೋವು ಅಂತ ಗೊತ್ತಾಗಲಿ’ ಅನ್ನುತ್ತೇನೆ. ಜೋಮು ಬಂದು ಹೋಗುತ್ತಿದ್ದರೆ ಪಟ್ಟಿ, ವ್ಯಾಯಾಮ, ಕೆಲಸದ ಬದಲಾವಣೆಗೆ ಒಂದೆರಡು ತಿಂಗಳ ವಾಯಿದೆ ಕೊಡಿ. ಜೋಮು ಬಿಡದೇ ಇದ್ದರೆ, ಕೈಯಿಂದ ವಸ್ತು ಜಾರಿದರೆ, ಹೆಬ್ಬೆರಳ ಬುಡ ಚಪ್ಪಟೆಯಾದರೆ ಆ ವಾಯಿದೆ ಇಲ್ಲ, ಅವತ್ತೇ ಡಾಕ್ಟರ ಹತ್ತಿರ. ಬಿದ್ದು ಪೆಟ್ಟಾದ ಕೈ, ಕೆಂಪಗೆ ಬಾತು ಜ್ವರ ಬಂದ ಕೈ, ಕುತ್ತಿಗೆಯಿಂದ ಇಳಿದು ಬರುವ ನೋವು, ಇವಕ್ಕೂ ನನ್ನ ಫುಟ್‌ಪಟ್ಟಿ ಸಲ್ಲದು.

ಫ್ಲೆಕ್ಸ್ ಬಂದು ನಮ್ಮ ಬೋರ್ಡುಗಳನ್ನು ನುಂಗಿ ಬಹಳ ವರ್ಷವಾಯಿತು. ಮಷೀನಿಗೆ ಮಣಿಕಟ್ಟಿಲ್ಲ, ನೋವಿಲ್ಲ, ಸಹಿಯೂ ಇಲ್ಲ. ನಾನು ಈಗ ಊರಿನಲ್ಲೇ ಶಾಲೆಯ ಗೋಡೆ, ಪಂಚಾಯ್ತಿಯ ಘೋಷಣೆ, ಟ್ರ್ಯಾಕ್ಟರಿನ ಹಿಂದಿನ ಹೆಸರು ಬರೆದುಕೊಂಡಿದ್ದೇನೆ. ನಮ್ಮೂರಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ವಚನ ಶಿಲಾಮಂಟಪ ಇದೆ, ಈ ಕಡೆ ಬಂದರೆ ನೋಡಿ. ಬಂದವರು ವಚನ ಓದುತ್ತಾರೆ. ನಾನು ಅಕ್ಷರದ ತಿರುವು ನೋಡುತ್ತೇನೆ, ಉಳಿ ಹಿಡಿದ ಆ ಕೈಗಳು ರಾತ್ರಿ ಹೇಗೆ ಮಲಗಿದ್ದವೋ ಎಂದು.

ಹೋದ ತಿಂಗಳು ತಂಗಿಯ ಮಗ ಬಂದಿದ್ದ. ಇಪ್ಪತ್ತರ ಹುಡುಗ, ನೆಚ್ಚಿನ ಹೀರೋನ ದೃಶ್ಯ ಕತ್ತರಿಸಿ, ಹಾಡು ಜೋಡಿಸಿ, ಮೊಬೈಲಿನಲ್ಲೇ ವಿಡಿಯೋ ಮಾಡಿ ಹರಿಬಿಡುವವನು. ರಾತ್ರಿ ಎರಡರವರೆಗೆ ಎರಡು ಹೆಬ್ಬೆರಳಿನ ಕುಣಿತ. ಮಣಿಕಟ್ಟಿನ ಹೆಬ್ಬೆರಳ ಕಡೆ ಬಾವು.

“ಮಾಮಾ, ನಿನಗ ಆಗಿದ್ದೇ ನನಗೂ ಆಗೇದನು? ಆಪರೇಷನ್ ಬೇಕಾಗ್ತದೇನು?”

ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಸಿ, ಮುಷ್ಟಿಯನ್ನು ಕಿರುಬೆರಳ ಕಡೆ ಮೆಲ್ಲಗೆ ಬಾಗಿಸಿದೆ. “ಯವ್ವಾ!” ಎಂದು ಕಿರುಚಿದ. ನನ್ನದಲ್ಲ, ಅದರ ದಾಯಾದಿ. ಡಿ ಕರ್ವೇನ್ ಎಂಬ ಸ್ವಿಸ್ ಸರ್ಜನ್ 1895ರಲ್ಲಿ ಬರೆದಿಟ್ಟ ಕಾಯಿಲೆ. ಹೆಬ್ಬೆರಳನ್ನು ಎತ್ತುವ ಹಗ್ಗಗಳ ಗವುಸು ಬಾತುಕೊಳ್ಳುವುದು. ಇದಕ್ಕೆ ಹೆಬ್ಬೆರಳೂ ಸೇರಿ ಕಟ್ಟುವ ಬೇರೆ ಪಟ್ಟಿ ಬೇಕು, ನನ್ನ ಫುಟ್‌ಪಟ್ಟಿ ಸಾಲದು.

“ಬೇಕಾಗ್ತದೋ ಇಲ್ಲೋ ನಾ ಹ್ಯಾಂಗ ಹೇಳಲಿ? ಮೊಬೈಲ್ ಇಲ್ಲಿ ಕೊಡು, ಚಪ್ಪಲಿ ಹಾಕ್ಕೋ” ಅಂದೆ. ಬಾಗೇವಾಡಿಯ ಬಸ್ಸು ಬರುವ ಹೊತ್ತಾಗಿತ್ತು. ಅವ್ವ ಒಳಗಿನಿಂದ ಎರಡು ಕಟಕ್ ರೊಟ್ಟಿ ಕಟ್ಟಿಕೊಟ್ಟಳು, ಲಟ್ಟಿಸಿದ್ದು. ಡಾಕ್ಟರ ಹತ್ತಿರ ಪಾಳಿ ಹಚ್ಚಿ ಕೂರಬೇಕಲ್ಲ!